ಮಬ್ಬು ಹೆಡ್‌ಲೈಟ್ ಹೊಳೆಸಲು ಜನರೇಟರ್ ಬೇಕೇ?

ಪುಣೆ–ಹೈದರಾಬಾದ್ ರಸ್ತೆ, ಅಂದರೆ ಈಗಿನ ರಾಷ್ಟ್ರೀಯ ಹೆದ್ದಾರಿ 65, ಬಸವಕಲ್ಯಾಣ ಮತ್ತು ಹುಮನಾಬಾದ್ ಬಳಿ ಹಾದುಹೋಗುತ್ತದೆ. ಆ ದಾರಿಯಲ್ಲಿ ಓಡಾಡಿ, ಬೀದರ್ ಜಿಲ್ಲೆಯ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರು, ಟೆಂಪೊಗಳ ಹೆಡ್‌ಲೈಟ್ ಹಳದಿಗಟ್ಟಿ ಮಬ್ಬಾಗುತ್ತದೆ. ನಾವು ಗಾಜು ಎಂದು ಕರೆಯುವ ಆ ಮುಚ್ಚಳ ನಿಜಕ್ಕೂ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ನೇರಳಾತೀತ ಕಿರಣಕ್ಕೆ ಅದರ ಮೇಲಿನ ರಕ್ಷಣಾ ಲೇಪ ಸವೆದಾಗ ಹಳದಿ ಶುರುವಾಗುತ್ತದೆ. ಹಳೆಯ ಲಾರಿಗಳಲ್ಲಿರುವ ಅಸಲಿ ಗಾಜಿನ ದೀಪಕ್ಕೆ ಈ ರೋಗವಿಲ್ಲ. ಮಬ್ಬಾದದ್ದನ್ನು ವಾಹನ ನಿಂತಲ್ಲಿಗೇ ಹೋಗಿ ಉಜ್ಜಿ, ಹೊಳಪು ಕೊಟ್ಟು, ಹೊಸ ಲೇಪ ಹಚ್ಚುವ ಕೆಲಸ ಕೊಡಂಬಲದಂಥ ಊರಿನ ಹುಡುಗರಿಗೂ ಕೈಗೆಟುಕುವಂಥದ್ದು. ಅವರನ್ನು ತಡೆಯುವುದು ಹೆಚ್ಚಾಗಿ ಒಂದೇ ಮಾತು: ಊರೂರು ತಿರುಗಿ ಮಷೀನ್ ಓಡಿಸಬೇಕೆಂದರೆ ದೊಡ್ಡ ಜನರೇಟರ್ ಬೇಕು, ಅದಕ್ಕೆ ದುಡ್ಡೆಲ್ಲಿ? ಈ ನಂಬಿಕೆಗೆ ಆಧಾರವಿಲ್ಲ. ಇಲ್ಲಿ ಬೇಕಾಗುವ ಕರೆಂಟು ಜನ ಎಣಿಸಿದ್ದಕ್ಕಿಂತ ತೀರಾ ಕಡಿಮೆ.

ತಪ್ಪು ಹುಟ್ಟುವುದು ಮಷೀನಿನ ಮೇಲೆ ಬರೆದ ವಾಟ್ ನೋಡಿ ಹೆದರುವುದರಿಂದ. ಪಂಪ್‌ಸೆಟ್ ಎಷ್ಟು ಎಚ್‌ಪಿ ಎಂದಷ್ಟೇ ಗೊತ್ತಿದ್ದರೆ ತೋಟಕ್ಕೆ ಎಷ್ಟು ನೀರು ಹೋಯಿತೆಂದು ಹೇಳಲಾಗದು, ಎಷ್ಟು ಹೊತ್ತು ಓಡಿತು ಎಂಬುದೂ ಬೇಕು. ಇದೂ ಹಾಗೆಯೇ. ಒಂದು ಕಾರಿನ ಎರಡು ದೀಪಕ್ಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು. ಅದರಲ್ಲಿ ಹೆಚ್ಚು ಹೊತ್ತು ಹೋಗುವುದು ದೀಪದ ಸುತ್ತ ಟೇಪ್ ಅಂಟಿಸುವುದಕ್ಕೆ, ನೀರು ಚಿಮುಕಿಸುತ್ತ 800, 1500, 2000, 3000 ನಂಬರಿನ ವಾಟರ್ ಪೇಪರನ್ನು ಒಂದಾದ ಮೇಲೊಂದು ಕೈಯಿಂದ ತಿಕ್ಕುವುದಕ್ಕೆ, ಒರೆಸಿ ಒಣಗಿಸುವುದಕ್ಕೆ. ಪಾಲಿಶಿಂಗ್ ಮಷೀನ್ ತಿರುಗುವುದು ಹತ್ತು ಹದಿನೈದು ನಿಮಿಷ. 600 ವಾಟ್‌ನ ಮಷೀನು ಕಾಲು ಗಂಟೆ ಪೂರ್ತಿ ಬಲದಲ್ಲಿ ಓಡಿತೆಂದೇ ಇಟ್ಟುಕೊಳ್ಳಿ: 150 ವಾಟ್-ಅವರ್. ಬ್ಯಾಟರಿಯಿಂದ ಓಡಿಸುವಾಗ ಇನ್ವರ್ಟರ್ ತಿನ್ನುವ ಪಾಲು ಸೇರಿಸಿದರೂ 175ರ ಆಸುಪಾಸು. ಜೆಸ್ಕಾಂ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 1000 ವಾಟ್-ಅವರ್. ಹಾಗಾಗಿ ಒಂದೇ ಯೂನಿಟ್ಟಿನಲ್ಲಿ ಐದು ಕಾರು ಮುಗಿದು ಇನ್ನಷ್ಟು ಉಳಿಯುತ್ತದೆ. ಜನರೇಟರ್ ಇದಕ್ಕೆ ಹೊಂದದಿರುವುದು ಈ ಕಾರಣಕ್ಕೇ. ಕೈಯಲ್ಲಿ ಪೇಪರ್ ತಿಕ್ಕುವಾಗ ಅದನ್ನು ಚಾಲೂ ಇಟ್ಟರೆ ಪೆಟ್ರೋಲ್ ಸುಮ್ಮನೆ ಸುಡುತ್ತದೆ. ಆರಿಸಿದರೆ ಪ್ರತಿ ಸಲ ಹಗ್ಗ ಎಳೆಯಬೇಕು. ಮುಚ್ಚಿದ ಶೆಡ್ಡಿನೊಳಗೆ ಇಟ್ಟರಂತೂ ಕಾರ್ಬನ್ ಮಾನಾಕ್ಸೈಡ್ ವಾಸನೆಯನ್ನೂ ತೋರಿಸದೆ ಪ್ರಾಣ ತೆಗೆಯುತ್ತದೆ.

ಹಾಗಿದ್ದರೆ ಗಿರಾಕಿಯ ಕಾರಿನ ಬ್ಯಾಟರಿಗೇ ಇನ್ವರ್ಟರ್ ಸಿಕ್ಕಿಸಿದರಾಯಿತಲ್ಲ ಎಂಬುದು ಇನ್ನೊಂದು ತುದಿಯ ತಪ್ಪು. ಒಟ್ಟು ಖರ್ಚು ಕಡಿಮೆಯಾದರೂ ಆ ಕ್ಷಣಕ್ಕೆ ಎಳೆಯುವ ಪ್ರಮಾಣ ದೊಡ್ಡದು. 12 ವೋಲ್ಟಿನಿಂದ 600 ವಾಟ್ ತೆಗೆಯಬೇಕಾದರೆ ತಂತಿಯಲ್ಲಿ 60 ಆಂಪಿಯರ್ ಹತ್ತಿರ ಹರಿಯಬೇಕು. ಮೊಬೈಲ್ ಚಾರ್ಜ್ ಮಾಡುವ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು, ಒಡನೆ ಹಾರಿಹೋಗುತ್ತದೆ. ನೇರವಾಗಿ ಬ್ಯಾಟರಿಗೇ ಕಟ್ಟಿದರೆ ಕಾಲು ಗಂಟೆಯಲ್ಲಿ 15 ಆಂಪಿಯರ್-ಅವರ್ ಖಾಲಿ. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಸುಮಾರು. ಅದನ್ನು ಮಾಡಿರುವುದು ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ಜೋರಾಗಿ ಕೊಡುವುದಕ್ಕೆ, ಹೀಗೆ ಆಳದವರೆಗೆ ಬಸಿಯುವುದಕ್ಕಲ್ಲ. ದೀಪ ಫಳಫಳ ಹೊಳೆಯುತ್ತಿದ್ದು ಗಾಡಿ ಮಾತ್ರ ಚಾಲೂ ಆಗದಿದ್ದರೆ ಗಿರಾಕಿಗೆ ಏನು ಹೇಳುವುದು? ಎಂಜಿನ್ ಚಾಲೂ ಇಟ್ಟರೂ, ನಿಂತ ಗಾಡಿಯಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಆಂಪಿಯರ್ ಕೊಡುವುದಿಲ್ಲ.

ಬೇಕಾದದ್ದು ತನ್ನದೇ ಒಂದು ಬ್ಯಾಟರಿ, ಮತ್ತು ಅಲ್ಲಿಯೂ ಲೇಬಲ್ಲಿನ ಸಂಖ್ಯೆ ನಂಬಿ ಮೋಸಹೋಗಬಾರದು. ಮನೆ ಇನ್ವರ್ಟರಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಕಾಗದದಲ್ಲಿ 1.8 ಯೂನಿಟ್. ಆದರೆ ಆ ಲೆಕ್ಕ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನದು. 60 ಆಂಪಿಯರ್ ಎಳೆದರೆ ಅಷ್ಟು ಸಿಗದು. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗಿಳಿಸಲೂಬಾರದು. ಐವತ್ತು ಕಿಲೋ ಮೀರಿದ ತೂಕ, ಒಳಗೆ ತುಳುಕುವ ಆ್ಯಸಿಡ್. ಬೈಕಿನ ಮೇಲೆ ಒಯ್ಯುವ ಸಾಮಾನಲ್ಲ. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ ನೆಮ್ಮದಿಯಾಗಿ ಒಂದು ಯೂನಿಟ್ ತೆಗೆಯಬಹುದು, ತೂಕವೂ ಟ್ಯೂಬ್ಯುಲರಿನ ಕಾಲು ಭಾಗದಷ್ಟೇ. ಬೆಲೆ ಜಾಸ್ತಿಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ದಿನಕ್ಕೆ ಒಂದೋ ಎರಡೋ ಗಾಡಿ ಸಿಗುವ ಶುರುವಿನಲ್ಲಿ ಅದನ್ನೂ ಕೊಳ್ಳಬೇಕಿಲ್ಲ. ಬ್ಯಾಟರಿಯಲ್ಲೇ ಓಡುವ ಪಾಲಿಶಿಂಗ್ ಮಷೀನ್ ಸಾಕು. ಅದರ 18 ವೋಲ್ಟ್, 5 ಆಂಪಿಯರ್-ಅವರ್ ಪ್ಯಾಕಿನಲ್ಲಿ 90 ವಾಟ್-ಅವರ್ ಇರುತ್ತದೆ. ಸಣ್ಣ ಪ್ಯಾಡಿನ ಮಷೀನಿಗೆ 600 ವಾಟ್ ಬೇಕೂ ಇಲ್ಲ, ಆದ್ದರಿಂದ ಎರಡು ಪ್ಯಾಕ್ ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ. ಅಂಗಡಿಯವರು 20 ವೋಲ್ಟಿನದು ಹೆಚ್ಚು ಬಲದ್ದು ಎಂದು ಹೇಳಿದರೆ ದುಡ್ಡು ಜಾಸ್ತಿ ಕೊಡಬೇಡಿ. ಎರಡರಲ್ಲೂ ಸಾಲಾಗಿ ಐದು ಸೆಲ್. ಚಾರ್ಜ್ ತುಂಬಿದೊಡನೆ ಅಳೆದರೆ 20, ಕೆಲಸದ ಹೊತ್ತಿನ ಸರಾಸರಿ 18. ನಮ್ಮ ಕಡೆಯ ಬೇಸಿಗೆಯಲ್ಲಿ ನೆನಪಿಡಬೇಕಾದ ಸಂಗತಿ ಬೇರೆ: ಸಾಮಾನ್ಯವಾಗಿ 45 ಡಿಗ್ರಿ ಮೀರಿದ ಬಿಸಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬಾರದು, ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಇಡಲೂಬಾರದು.

ಹೆಚ್ಚು ವಾಟ್ ಇದ್ದರೆ ಹೊಳಪೂ ಹೆಚ್ಚು ಎನ್ನುವವರಿದ್ದಾರೆ. ಪಾಲಿಕಾರ್ಬೊನೇಟ್ 147 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಲವಾದ ಮಷೀನನ್ನು ಒಂದೇ ಕಡೆ ಒತ್ತಿ ಹಿಡಿದರೆ ಹೊಳಪಿನ ಬದಲು ಸುಟ್ಟ ಕಲೆ ಉಳಿಯುತ್ತದೆ, ಅದನ್ನು ಮತ್ತೆ ಪೇಪರಿನಿಂದಲೇ ತೆಗೆಯಬೇಕು. ಹೀಟ್ ಗನ್ ಮತ್ತು ಕಂಪ್ರೆಸರ್ ಇಲ್ಲದೆ ಹೇಗೆ ಎಂಬ ಪ್ರಶ್ನೆಗೂ ಉತ್ತರವಿದೆ. ಹೀಟ್ ಗನ್ 1500ರಿಂದ 2000 ವಾಟ್ ನುಂಗುತ್ತದೆ ನಿಜ, ಆದರೆ ನೀರು ಒಣಗಲು ಬಟ್ಟೆ ಮತ್ತು ಬಿಸಿಲು ಸಾಲುತ್ತವೆ. ನೇರಳಾತೀತ ಕಿರಣ ತಡೆಯುವ ಲೇಪ ಬಟ್ಟೆಯಲ್ಲಿ ಒರೆಸುವ ರೂಪದಲ್ಲಿಯೂ ಸ್ಪ್ರೇ ಡಬ್ಬಿಯಲ್ಲಿಯೂ ಸಿಗುತ್ತದೆ, ಅದಕ್ಕೆ ಕಂಪ್ರೆಸರ್ ಬೇಡ. ಈ ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ, ಎಂಥ ಮಷೀನ್ ಓಡಿಸಿದ್ದರೂ ಅಷ್ಟೇ. ಗಾಡಿಗೆ ಪೇಂಟ್ ಹೊಡೆಯುವ ಕೆಲಸವನ್ನೂ ಸೇರಿಸಿಕೊಂಡು ದಿನವಿಡೀ ಕಂಪ್ರೆಸರ್ ಓಡಿಸುವವರಿಗೆ ಜನರೇಟರ್ ಬೇಕಾದೀತು, ಅದು ಬೇರೆ ವ್ಯಾಪಾರ.

ಗಿರಾಕಿಯ ಮನೆಯಿಂದ ವೈರ್ ಎಳೆದರೆ ಎಲ್ಲಕ್ಕಿಂತ ಸುಲಭ ಎಂಬ ವಾದದಲ್ಲಿ ಹಣದ ಮಟ್ಟಿಗೆ ಸತ್ಯವಿದೆ, ಅಪಾಯವಿರುವುದೂ ಅಲ್ಲೇ. ಈ ಕೆಲಸದಲ್ಲಿ ಕೈ, ನೆಲ, ಬಾನೆಟ್ ಎಲ್ಲವೂ ಒದ್ದೆ. ಸುಲಿದ ಎಕ್ಸ್‌ಟೆನ್ಷನ್ ವೈರಿನ 230 ವೋಲ್ಟ್ ಅಂಥಲ್ಲಿ ಎರಡನೇ ಅವಕಾಶ ಕೊಡುವುದಿಲ್ಲ. 12 ವೋಲ್ಟ್ ಶಾಕ್ ಹೊಡೆಯದೆಂದು ಅದನ್ನೂ ಹಗುರವಾಗಿ ಎಣಿಸಬೇಡಿ; ಎರಡು ಟರ್ಮಿನಲ್ ನಡುವೆ ಪಾನಾ ಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕೆಂಪಾಗುತ್ತದೆ, ಬೆಂಕಿ ಹತ್ತುತ್ತದೆ. ಈ ಕೆಲಸಕ್ಕೆ ಇಳಿಯುವ ತಮ್ಮಂದಿರಲ್ಲಿ ಕೇಳಿಕೊಳ್ಳುವುದು ಇಷ್ಟು: ಜನರೇಟರಿಗೆಂದು ಸಾಲ ಮಾಡಬೇಡಿ. ಆ ದುಡ್ಡಿನಲ್ಲಿ ಒಳ್ಳೆಯ ಲೇಪ, ಬ್ಯಾಟರಿ ಮಷೀನ್, ಎರಡು ಪ್ಯಾಕ್ ಕೊಳ್ಳಿ. ಇನ್ವರ್ಟರ್ ಕಟ್ಟಿದರೆ ದಪ್ಪ ತಂತಿ ಹಾಕಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಡಿ. ಮನೆಯ ಕರೆಂಟ್ ತೆಗೆದುಕೊಳ್ಳಲೇಬೇಕಾದರೆ 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಆರ್‌ಸಿಸಿಬಿ ಇಲ್ಲದ ಪ್ಲಗ್ಗಿಗೆ ಮಷೀನ್ ಹಾಕಬೇಡಿ.