ಎಚ್‌ಐವಿ ಸೋಂಕಿತರ ದಿನಚರಿ ಮತ್ತು ನಮ್ಮ ಪಂಕ್ತಿ

ಎಚ್‌ಐವಿ ಎಂಬ ಹೆಸರು ನಮ್ಮ ದೇಶದಲ್ಲಿ ಕೇಳಿಬಂದು ಸುಮಾರು ನಾಲ್ಕು ದಶಕಗಳಾದವು. 1986ರಲ್ಲಿ ಚೆನ್ನೈನ ವೈದ್ಯೆ ಡಾ. ಸುನೀತಿ ಸೊಲೊಮನ್ ಮತ್ತು ಅವರ ಸಹೋದ್ಯೋಗಿಗಳು ಭಾರತದ ಮೊದಲ ಸೋಂಕಿತರನ್ನು ಗುರುತಿಸಿದಾಗ, ಈ ವೈರಾಣುವನ್ನು ತಡೆಯಬಲ್ಲ ಔಷಧವು ವೈದ್ಯರ ಕೈಯಲ್ಲಿರಲಿಲ್ಲ. ಅಂದು ಹುಟ್ಟಿದ ಭಯಕ್ಕೆ ಕಾರಣವಿತ್ತು. ಔಷಧ ಬಂದು ಎಷ್ಟೋ ವರ್ಷಗಳಾದರೂ ಆ ಭಯ ಮಾತ್ರ ಹಾಗೆಯೇ ಉಳಿದುಕೊಂಡಿದೆ. ನಮ್ಮ ರಾಜ್ಯದಲ್ಲಿ ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೊದಲಾದ ಉತ್ತರದ ಜಿಲ್ಲೆಗಳಲ್ಲಿ ಈ ಸೋಂಕು ಬಹುಕಾಲದಿಂದ ಹೆಚ್ಚಾಗಿ ಕಂಡುಬಂದಿದೆ. ಜಾತ್ರೆಯಲ್ಲಿ ತೇರನೆಳೆಯುವವರಲ್ಲಿ, ದಾಸೋಹದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತವರಲ್ಲಿ, ಸೋಂಕಿನೊಡನೆ ಬಾಳುತ್ತಿರುವವರು ಇದ್ದಾರೆ. ಅವರು ಹೇಳಿಕೊಂಡಿಲ್ಲ, ಅಷ್ಟೆ. ಹೇಳಿಕೊಳ್ಳದಿರುವುದಕ್ಕೂ ಅವರ ಆರೋಗ್ಯಕ್ಕೂ ಇರುವ ಸಂಬಂಧವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ರೋಗದ ಸ್ವರೂಪವನ್ನು ತಿಳಿಯೋಣ. ನಮ್ಮ ರಕ್ತದಲ್ಲಿ ಸಿಡಿ4 ಎಂಬ ಜೀವಕೋಶಗಳಿವೆ. ದೇಹಕ್ಕೆ ರೋಗಾಣು ಪ್ರವೇಶಿಸಿದಾಗ ಉಳಿದ ರಕ್ಷಕ ಕೋಶಗಳನ್ನು ಎಚ್ಚರಿಸುವುದು ಇವುಗಳ ಕಾಯಕ. ಎಚ್‌ಐವಿ ವೈರಾಣು ಈ ಕೋಶಗಳ ಒಳಹೊಕ್ಕು, ಅಲ್ಲಿಯೇ ತನ್ನ ಸಂತತಿಯನ್ನು ಬೆಳೆಸಿ, ಕ್ರಮೇಣ ಅವುಗಳನ್ನು ನಾಶಪಡಿಸುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹಲವು ವರ್ಷಗಳ ತರುವಾಯ ರೋಗನಿರೋಧಕ ಶಕ್ತಿ ಕುಸಿದು, ಕ್ಷಯವೇ ಮುಂತಾದ ರೋಗಗಳು ದೇಹವನ್ನು ಮುತ್ತುತ್ತವೆ. ಆ ಕೊನೆಯ ಹಂತಕ್ಕೆ ಏಡ್ಸ್ ಎಂದು ಹೆಸರು. ಎಚ್‌ಐವಿ ಇರುವವರೆಲ್ಲರೂ ಏಡ್ಸ್ ರೋಗಿಗಳಲ್ಲ. ಸಕಾಲದಲ್ಲಿ ಚಿಕಿತ್ಸೆ ಆರಂಭಿಸಿ ಅದನ್ನು ನಡೆಸಿಕೊಂಡು ಬಂದವರು ಆ ಹಂತವನ್ನು ತಲುಪದೆಯೇ ದೀರ್ಘಾಯುಷಿಗಳಾಗಬಲ್ಲರು.

2004ರ ಏಪ್ರಿಲ್ 1ರಿಂದ ಸರ್ಕಾರವು ಎಆರ್‌ಟಿ ಕೇಂದ್ರಗಳ ಮೂಲಕ ಈ ಔಷಧವನ್ನು ಉಚಿತವಾಗಿ ನೀಡುತ್ತ ಬಂದಿದೆ. ಮೊದಲು ಸಿಡಿ4 ಸಂಖ್ಯೆ ಇಳಿದ ಮೇಲೆಯೇ ಔಷಧ ಕೊಡುತ್ತಿದ್ದರು. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ಕೊಡಲಾಗುತ್ತಿದೆ. ಈಗ ಬಹುತೇಕ ವಯಸ್ಕರಿಗೆ ದೊರೆಯುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಗುಳಿಗೆ, ದಿನಕ್ಕೊಮ್ಮೆ. ಈ ಔಷಧವು ವೈರಾಣುವಿನ ವೃದ್ಧಿಯನ್ನು ತಡೆಯುತ್ತದೆ. ಆದರೆ ಕೆಲವು ಕೋಶಗಳಲ್ಲಿ ಅಡಗಿ ನಿದ್ರಿಸುವ ವೈರಾಣುವನ್ನು ಅದು ಮುಟ್ಟಲಾರದು. ಗುಳಿಗೆ ನಿಂತೊಡನೆ ಅಡಗಿದ್ದುದು ಮತ್ತೆ ತಲೆಯೆತ್ತುತ್ತದೆ. ಆಗಾಗ ತಪ್ಪಿಸಿದರಂತೂ ಔಷಧಕ್ಕೇ ಬಗ್ಗದ ವೈರಾಣು ಬೆಳೆದು, ಚಿಕಿತ್ಸೆಯನ್ನೇ ಬದಲಿಸಬೇಕಾಗುತ್ತದೆ. ಆದುದರಿಂದಲೇ ಇದು ಜೀವನಪರ್ಯಂತದ ವ್ರತ.

ವ್ರತವನ್ನು ಪಾಲಿಸಿದವರಿಗೆ ದೊರೆಯುವ ಫಲವು ದೊಡ್ಡದು. ರಕ್ತದಲ್ಲಿರುವ ವೈರಾಣುವಿನ ಪ್ರಮಾಣವನ್ನು ‘ವೈರಲ್ ಲೋಡ್’ ಪರೀಕ್ಷೆಯಿಂದ ಅಳೆಯುತ್ತಾರೆ. ಚಿಕಿತ್ಸೆ ತಪ್ಪದೆ ನಡೆದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಅದು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ಸ್ಥಿರವಾಗಿ ನಿಂತವರಿಂದ ಅವರ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದಿಂದಲೂ ಸೋಂಕು ದಾಟುವುದಿಲ್ಲ. ಇದು ಬರಿಯ ಸಮಾಧಾನದ ಮಾತಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 888 ಜೋಡಿಗಳನ್ನು ಯೂರೋಪಿನ 14 ದೇಶಗಳಲ್ಲಿ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಿರೋಧ್ ಬಳಸದಿದ್ದಾಗಲೂ ಸಂಗಾತಿಯಿಂದ ಸೋಂಕು ತಗುಲಿದ ಒಂದು ಪ್ರಕರಣವೂ ಕಂಡುಬರಲಿಲ್ಲ. ಈ ಮಾತು ರಕ್ತದಾನಕ್ಕೆ ಅನ್ವಯಿಸುವುದಿಲ್ಲ. ಸೋಂಕಿತರು ರಕ್ತ ನೀಡಬಾರದು.

ಇಷ್ಟು ಸುಲಭವಾದ ಚಿಕಿತ್ಸೆ ಮತ್ತೇಕೆ ತಪ್ಪುತ್ತದೆ? ಗುಳಿಗೆ ದೊರೆಯುವುದು ಆಸ್ಪತ್ರೆಯಲ್ಲಿ. ಅದನ್ನು ನುಂಗಬೇಕಾದುದು ಹತ್ತು ಜನರಿರುವ ಮನೆಯಲ್ಲಿ. ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತೆಸೆಯುವವರಿದ್ದಾರೆ, ಗುಳಿಗೆಯನ್ನು ಹಿಟ್ಟಿನ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಬಚ್ಚಿಡುವವರಿದ್ದಾರೆ. ತಮ್ಮ ಊರಿನ ಹತ್ತಿರದ ಕೇಂದ್ರದಲ್ಲಿ ಯಾರಾದರೂ ಕಂಡಾರೆಂಬ ಅಂಜಿಕೆಯಿಂದ ದೂರದ ಜಿಲ್ಲೆಗೆ ಬಸ್ಸು ಹತ್ತುವವರೂ ಉಂಟು. ಹೊಲದ ಕೆಲಸ ಬಿದ್ದ ತಿಂಗಳು ಆ ಪ್ರಯಾಣ ತಪ್ಪುತ್ತದೆ, ಅದರೊಡನೆ ಔಷಧವೂ ತಪ್ಪುತ್ತದೆ. ಮದುವೆಯ ಮನೆಗೆ ನೆಂಟರು ತುಂಬಿದ ನಾಲ್ಕು ದಿನ ಗುಳಿಗೆ ಹೊರಬರುವುದೇ ಇಲ್ಲ. ಹೀಗೆ ತಪ್ಪಿದ ದಿನಗಳೇ ವೈರಾಣುವಿಗೆ ದಾರಿ ಮಾಡಿಕೊಡುತ್ತವೆ. ನೆರೆಹೊರೆಯ ಕುತೂಹಲ ಮತ್ತು ಪಿಸುಮಾತು ಒಬ್ಬರ ರಕ್ತದಲ್ಲಿನ ವೈರಾಣುವಿನ ಲೆಕ್ಕವನ್ನು ಏರಿಸಬಲ್ಲವು ಎಂಬುದು ವಿಚಿತ್ರವೆನಿಸಿದರೂ ಸತ್ಯ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿದ್ದು, ‘ಗುಳಿಗೆ ಆಯಿತೇ?’ ಎಂದು ಮೆಲ್ಲನೆ ಕೇಳುವಂತಿದ್ದರೆ ಚಿಕಿತ್ಸೆ ಹೆಚ್ಚು ಸ್ಥಿರವಾಗಿ ಸಾಗುತ್ತದೆ.

ಭಕ್ತಿಯ ದಿನಚರಿಯು ಇಲ್ಲಿ ನೆರವಿಗೆ ಬರಬಲ್ಲುದು. ಗುಳಿಗೆಯನ್ನು ನಿತ್ಯವೂ ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಲಿಂಗಪೂಜೆಯ ನಿಯಮವುಳ್ಳವರಿಗೆ ಅಂತಹ ಹೊತ್ತು ಆಗಲೇ ಗೊತ್ತಾಗಿದೆ; ಪೂಜೆ ಮುಗಿದೊಡನೆ ಗುಳಿಗೆ ಎಂದು ರೂಢಿಸಿಕೊಂಡರೆ ಮರೆವಿಗೆ ಅವಕಾಶವಿಲ್ಲ. ಶ್ರಾವಣದ ಸೋಮವಾರ ಅಥವಾ ಶಿವರಾತ್ರಿಯ ಉಪವಾಸದಂದು ಗುಳಿಗೆ ನುಂಗಬಹುದೇ ಎಂದು ಕೆಲವರು ಸಂದೇಹಿಸುತ್ತಾರೆ. ಮೇಲೆ ಹೇಳಿದ ಗುಳಿಗೆಯನ್ನು ಊಟದೊಡನೆಯೂ, ಬರಿ ಹೊಟ್ಟೆಯಲ್ಲಿಯೂ ತೆಗೆದುಕೊಳ್ಳಬಹುದು. ಆದುದರಿಂದ ಉಪವಾಸಕ್ಕೂ ಔಷಧಕ್ಕೂ ವಿರೋಧವಿಲ್ಲ. ಒಂದು ದಿನ ಮರೆತರೆ, ನೆನಪಾದೊಡನೆ ತೆಗೆದುಕೊಳ್ಳಬೇಕು. ಮರುದಿನ ಎರಡನ್ನು ಒಟ್ಟಿಗೆ ನುಂಗಬಾರದು.

ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಅನೇಕ ದಿನ ಬಿಸಿಲಿನಲ್ಲಿ ನಡೆಯುತ್ತಾರೆ. ಸೋಂಕಿತರೂ ಆರೋಗ್ಯವಾಗಿದ್ದರೆ ವೈದ್ಯರನ್ನು ಕೇಳಿ ಹೋಗಬಹುದು. ಹೊರಡುವ ಮೊದಲೇ ಕೇಂದ್ರದಲ್ಲಿ ತಿಳಿಸಿ, ಯಾತ್ರೆಯ ದಿನಗಳಿಗಿಂತ ತುಸು ಹೆಚ್ಚೇ ಗುಳಿಗೆ ಪಡೆದು, ಬಿಸಿಲು ಬೀಳದಂತೆ ಇರಿಸಿಕೊಳ್ಳಬೇಕು. ಟೆನೊಫೊವಿರ್ ಔಷಧವು ಕೆಲವರ ಮೂತ್ರಪಿಂಡಗಳಿಗೆ ಶ್ರಮ ಕೊಡುವುದರಿಂದ ದಾರಿಯಲ್ಲಿ ನೀರು ಕುಡಿಯುವುದನ್ನು ಮರೆಯಬಾರದು. ಹೊಟ್ಟೆಯುರಿಗೆ ನುಂಗುವ ಆಮ್ಲಶಾಮಕ ಗುಳಿಗೆಗಳು ಡೊಲುಟೆಗ್ರಾವಿರ್ ದೇಹಕ್ಕೆ ಸೇರದಂತೆ ತಡೆಯುತ್ತವೆ. ಅವುಗಳನ್ನು ತೆಗೆದುಕೊಳ್ಳಲೇಬೇಕಾದರೆ ಎಚ್‌ಐವಿ ಗುಳಿಗೆಯು ಅವಕ್ಕಿಂತ ಎರಡು ಗಂಟೆ ಮುಂಚೆ ಅಥವಾ ಆರು ಗಂಟೆ ಅನಂತರ ಇರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುವವರು ಅದನ್ನು ಎಆರ್‌ಟಿ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಪ್ರಮಾಣವನ್ನು ಬದಲಿಸಬೇಕಾಗಬಹುದು.

ಸೋಂಕನ್ನು ಬುಡಸಹಿತ ಕೀಳುವೆವೆಂದು ಬೇರು, ಭಸ್ಮ, ಕಷಾಯಗಳನ್ನು ಮಾರುವವರು ಈ ಊರಿಗೂ ಬರುತ್ತಾರೆ. ಅವರ ಮಾತು ನಂಬಿ ಗುಳಿಗೆ ಬಿಟ್ಟವರು ಕೆಲವು ತಿಂಗಳು ಚೆನ್ನಾಗಿಯೇ ಇರುತ್ತಾರೆ. ಮೋಸ ಇರುವುದು ಅಲ್ಲಿಯೇ: ಸಿಡಿ4 ಕೋಶಗಳು ಕುಸಿಯಲು ಕಾಲ ಹಿಡಿಯುತ್ತದೆ, ಆ ಅವಧಿಯನ್ನು ಜನ ಗುಣವೆಂದು ಎಣಿಸುತ್ತಾರೆ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ಹರಕೆ ಕಟ್ಟಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದರೆ ಹರಕೆಗಾಗಿ ಔಷಧ ಬಿಡುವವರನ್ನು ಹಿರಿಯರು ಕೂರಿಸಿಕೊಂಡು ತಿಳಿಹೇಳಬೇಕು.

ಇನ್ನು ಪಂಕ್ತಿಯ ವಿಷಯ. ಸೋಂಕು ದಾಟುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರು ಬಳಸಿದ ಸೂಜಿಯಿಂದ ಮತ್ತು ಚಿಕಿತ್ಸೆಯಿಲ್ಲದ ತಾಯಿಯಿಂದ ಮಗುವಿಗೆ. ಒಂದೇ ಪಾತ್ರೆಯ ನೀರಿನಿಂದಾಗಲಿ, ಪ್ರಸಾದದಿಂದಾಗಲಿ, ಪಾದೋದಕದಿಂದಾಗಲಿ, ಹಣೆಗೆ ವಿಭೂತಿ ಧರಿಸುವುದರಿಂದಾಗಲಿ, ಸೊಳ್ಳೆಯಿಂದಾಗಲಿ, ಎಂಜಲಿನಿಂದಾಗಲಿ ಅದು ದಾಟದು. ಹಲ್ಲುಜ್ಜುವ ಬ್ರಷ್ಷನ್ನೂ ಕ್ಷೌರದ ಬ್ಲೇಡನ್ನೂ ಪ್ರತ್ಯೇಕವಾಗಿಟ್ಟುಕೊಂಡರೆ ಸಾಕು. ಅದು ಎಲ್ಲರೂ ಪಾಲಿಸಬೇಕಾದ ಶುಚಿತ್ವವೇ ಆಗಿದೆ. ಹೀಗಿದ್ದೂ ಸೋಂಕಿತ ಸೊಸೆಗೆ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಮಾಡಿ ಹಿತ್ತಲ ಕೋಣೆಗೆ ಕಳುಹಿಸುವ ಮನೆಗಳಿವೆ. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗಳಿಗಿಲ್ಲವೆಂದರು. ಆ ಪರಂಪರೆಯವರು ಆರನೆಯದೊಂದನ್ನು ತಾವಾಗಿಯೇ ಸೇರಿಸಿಕೊಂಡಿರುವುದು ಈ ಲೇಖಕನಿಗೆ ರೋಗಕ್ಕಿಂತಲೂ ಕಷ್ಟದ ಸಂಗತಿಯಾಗಿ ತೋರುತ್ತದೆ.

ಅನೇಕ ಹೆಣ್ಣುಮಕ್ಕಳಿಗೆ ಸೋಂಕು ಬಂದಿರುವುದು ಕೈಹಿಡಿದ ಗಂಡನಿಂದ. ಗರ್ಭಿಣಿಯ ತಪಾಸಣೆಯಲ್ಲಿ ಹೆಂಡತಿಯ ಸೋಂಕು ಮೊದಲು ಬೆಳಕಿಗೆ ಬರುವುದರಿಂದ, ಆಕೆಯೇ ತಂದಳೆಂಬ ಅಪವಾದ ಅವಳ ಮೇಲೆ ಬೀಳುತ್ತದೆ. ಆ ತಪಾಸಣೆಯಿಂದ ಬರುವ ಲಾಭವನ್ನು ಯಾರೂ ನೆನೆಯುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ನೂರು ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ದಾಟಬಹುದು. ತಾಯಿ ನಿತ್ಯ ಗುಳಿಗೆ ಸೇವಿಸಿ, ಹುಟ್ಟಿದ ಮಗುವಿಗೂ ಕೆಲವು ವಾರ ಔಷಧ ಕೊಟ್ಟರೆ ಆ ಸಂಖ್ಯೆ ಐದಕ್ಕಿಂತ ಕೆಳಗಿಳಿಯುತ್ತದೆ. ಸೋಂಕಿತ ದಂಪತಿಗಳು ನಿರೋಗಿ ಮಕ್ಕಳನ್ನು ಪಡೆದಿರುವುದು ಈಗ ಅಪರೂಪವೇನಲ್ಲ.

ಕಾನೂನೂ ಬೆನ್ನಿಗಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ಸೋಂಕಿನ ಕಾರಣದಿಂದ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸಿಕೊಳ್ಳದಿರುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆ ಮನೆ ಕೊಡದಿರುವುದು ನಿಷಿದ್ಧ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಇನ್ನೊಬ್ಬರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತೆಯೂ ಇಲ್ಲ.

ಲಿಂಗೈಕ್ಯರಾದ ಸೋಂಕಿತರ ದೇಹವನ್ನು ಮುಟ್ಟಲು ಬಂಧುಗಳೇ ಹಿಂಜರಿಯುವುದುಂಟು. ಸ್ನಾನ, ವಿಭೂತಿಧಾರಣೆ, ಸಮಾಧಿಕ್ರಿಯೆಗಳನ್ನು ಎಂದಿನಂತೆ ನಡೆಸಬಹುದು. ಗಾಯ ಅಥವಾ ರಕ್ತಸ್ರಾವವಿದ್ದರೆ ಮೈ ತೊಳೆಯುವವರು ಕೈಗವಸು ಧರಿಸಿ, ಅನಂತರ ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು. ಹೆಗಲು ಕೊಡುವವರಿಗೆ ಯಾವ ಅಪಾಯವೂ ಇಲ್ಲ.

ಸಂದೇಹವುಳ್ಳವರು ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿರುವ ಐಸಿಟಿಸಿ ಕೇಂದ್ರಗಳಲ್ಲಿ ಉಚಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. ಹೆಸರನ್ನೂ ಫಲಿತಾಂಶವನ್ನೂ ಗೋಪ್ಯವಾಗಿಡಲಾಗುತ್ತದೆ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಗೆ ಅದು ಕಾಣದಿರಬಹುದಾದ್ದರಿಂದ, ಆಪ್ತಸಮಾಲೋಚಕರು ಹೇಳಿದ ದಿನಕ್ಕೆ ಮತ್ತೊಮ್ಮೆ ಹೋಗಬೇಕು. ಮುಖ ತೋರಿಸಲು ಸಂಕೋಚಪಡುವವರು ಮೊದಲು 1097 ಎಂಬ ಶುಲ್ಕರಹಿತ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು.