ಊರಿಗೆ ಹೋದಾಗ ಸೈಂಟ್ ಮೇರೀಸ್ ದ್ವೀಪ: ಬೇಸಿಗೆ ರಜೆಯಲ್ಲಲ್ಲ, ಚಳಿಗಾಲದಲ್ಲಿ

ಅಹ್ಮದಿ: ಜೂನ್ ಹತ್ತಿರ ಬಂತೆಂದರೆ ಫಹಾಹೀಲ್, ಮಂಗಾಫ್, ಅಬು ಹಲೀಫಾದ ನಮ್ಮ ಮನೆಗಳಲ್ಲಿ ಸೂಟ್‌ಕೇಸ್ ತೂಗುವ ಕೆಲಸ ಶುರುವಾಗುತ್ತದೆ. ಅದರ ಜೊತೆಗೇ ಬರುವ ಪ್ರಶ್ನೆ: "ಈ ಸಲ ಮಕ್ಕಳಿಗೆ ಮಲ್ಪೆಯ ದ್ವೀಪ ತೋರಿಸಬೇಕು, ಹೇಗೆ ಹೋಗುವುದು?" ಹೇಗೆ ಎನ್ನುವುದಕ್ಕಿಂತ ಮೊದಲು ಯಾವಾಗ ಎಂದು ಕೇಳಬೇಕು. ಏಕೆಂದರೆ ನಮ್ಮ ಮಕ್ಕಳ ಶಾಲೆಗೆ ದೊಡ್ಡ ರಜೆ ಇರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಆ ದ್ವೀಪ ಮುಚ್ಚಿರುತ್ತದೆ!

ಸಾಮಾನ್ಯವಾಗಿ ಮೇ ಮಧ್ಯಭಾಗದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸೈಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಸಮುದ್ರ ಶಾಂತವಾಗದಿದ್ದರೆ ಬೋಟ್ ಶುರುವಾಗುವುದು ಇನ್ನೂ ತಡವಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಹುಟ್ಟಿದಂದಿನಿಂದ ಕಡಲನ್ನೇ ನೋಡಿ ಬೆಳೆದ ಮೊಗವೀರರೇ ಬೋಟನ್ನು ಬಂದರಿನಲ್ಲಿ ಕಟ್ಟಿಹಾಕಿ ಕೂರುವ ಕಾಲವದು. "ಕುವೈತಿನಿಂದ ಬಂದಿದ್ದೇವೆ, ಸ್ವಲ್ಪ ಹೆಚ್ಚು ಕೊಡುತ್ತೇವೆ" ಎಂದು ಯಾರನ್ನೂ ಒತ್ತಾಯಿಸಬೇಡಿ. ಯಾರಾದರೂ ತಾವಾಗಿ ಒಪ್ಪಿಕೊಂಡರೆ ಇನ್ನೂ ಹತ್ತಬೇಡಿ.

ಹಾಗಾದರೆ ಯಾವಾಗ? ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ನಮಗೆ ಸಿಗುವ ಸಣ್ಣ ರಜೆಗಳು ಮೂರು. ಒಂದು, ಡಿಸೆಂಬರ್ ಕೊನೆಯ ಚಳಿಗಾಲದ ರಜೆ. ಆದರೆ ಕರ್ನಾಟಕದ ಅರ್ಧ ಶಾಲೆಗಳ ಪ್ರವಾಸದ ಬಸ್ಸುಗಳು ಆಗಲೇ ಉಡುಪಿಗೆ ಬಂದಿರುತ್ತವೆ, ಬೋಟಿಗೆ ಸಾಲು ನಿಲ್ಲಲು ಸಿದ್ಧರಾಗಿ. ಎರಡು, ಫೆಬ್ರವರಿ 25 ಮತ್ತು 26ರ ಕುವೈತ್ ರಾಷ್ಟ್ರೀಯ ರಜೆ. ಅದಕ್ಕೆ ಎರಡು ದಿನ ಸೇರಿಸಿಕೊಂಡರೆ ಇದೇ ಎಲ್ಲಕ್ಕಿಂತ ಉತ್ತಮ ಎಂದು ನಮ್ಮ ಅಭಿಪ್ರಾಯ. ಮೂರು, ಈದುಲ್ ಫಿತ್ರ್. 2026 ಮತ್ತು 2027 ಎರಡರಲ್ಲೂ ಅದು ಬರುವುದು ಮಾರ್ಚ್‌ನಲ್ಲಿ. ಆಮೇಲೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುವುದರಿಂದ ಇನ್ನು ಕೆಲವು ವರ್ಷ ನಮಗೆ ಅನುಕೂಲವೇ. ರಿಫೈನರಿಯಲ್ಲಿ ದುಡಿಯುವವರಿಗೆ ಶಟ್‌ಡೌನ್ ಬಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು, ಅದು ನಮಗೂ ಗೊತ್ತು.

ಹೊರಡುವ ಮುನ್ನ ಇಲ್ಲಿಯ ಒಂದು ಕಾಗದದ ವಿಷಯ. ಖಾಸಗಿ ಕಂಪನಿಗಳಲ್ಲಿ ಆರ್ಟಿಕಲ್ 18ರ ಇಕಾಮಾ ಇರುವವರು 2025ರ ಜುಲೈ 1ರಿಂದ ದೇಶ ಬಿಡುವ ಮೊದಲು ಎಕ್ಸಿಟ್ ಪರ್ಮಿಟ್ ಪಡೆಯಬೇಕಾಗಿದೆ. ಸಹೆಲ್ ಆ್ಯಪ್‌ನಲ್ಲಿ ಅರ್ಜಿ ಹಾಕಿದರೆ ಕಂಪನಿಯವರು ಒಪ್ಪಿಗೆ ಕೊಡುತ್ತಾರೆ. ನಾಲ್ಕು ದಿನದ ರಜೆಯಲ್ಲಿ ಅರ್ಧ ದಿನವೂ ಅಮೂಲ್ಯ, ಆದ್ದರಿಂದ ಇದನ್ನು ಟಿಕೆಟ್ ತೆಗೆಯುವಾಗಲೇ ಮಾತಾಡಿಕೊಳ್ಳಿ. ಮಂಗಳೂರಿನ ನೇರ ವಿಮಾನದ ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತಿರುತ್ತದೆ, ನೋಡಿ ತೆಗೆಯಿರಿ. ಬಜ್ಪೆ ವಿಮಾನ ನಿಲ್ದಾಣದಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್, ಉಡುಪಿಯಿಂದ ಮಲ್ಪೆಗೆ ಬರೀ ಆರು.

ಮಲ್ಪೆ ಬಂದರಿನಿಂದ ದೊಡ್ಡ ಬೋಟುಗಳು ಹೊರಡುತ್ತವೆ. ಬೀಚಿನ ಕಡೆಯಿಂದ ಸಣ್ಣ ಸ್ಪೀಡ್ ಬೋಟುಗಳೂ ಇವೆ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ದೊಡ್ಡ ಬೋಟೇ ಇರಲಿ, ಕುಲುಕಾಟ ಕಡಿಮೆ. ಸಾಕಷ್ಟು ಜನ ಸೇರಿದ ಮೇಲೆಯೇ ಹೊರಡುವುದರಿಂದ ವಾರದ ದಿನಗಳಲ್ಲಿ ಸ್ವಲ್ಪ ಕಾಯಬೇಕು. ಅರ್ಧ ಗಂಟೆಯೊಳಗಿನ ಪ್ರಯಾಣ. ದ್ವೀಪದ ಬಳಿ ನೀರು ಆಳವಿಲ್ಲದ ಕಾರಣ ಕೆಲವೊಮ್ಮೆ ಚಿಕ್ಕ ದೋಣಿಗೆ ದಾಟಿಕೊಳ್ಳಬೇಕಾಗುತ್ತದೆ, ಮೊಣಕಾಲಷ್ಟು ನೀರಿನಲ್ಲಿ ಇಳಿಯಬೇಕಾಗಲೂಬಹುದು. ಮೊಣಕಾಲು ನೋವಿರುವ ಅಜ್ಜ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ, ಅಲ್ಲಿ ಹೋಗಿ ಹೇಳಬೇಡಿ. ಬೆಳಗಿನ ಮೊದಲ ಬೋಟು ಹಿಡಿದರೆ ಬಿಸಿಲು ಏರುವುದರೊಳಗೆ ಸುತ್ತಾಡಬಹುದು. ಐವತ್ತು ಡಿಗ್ರಿ ಕಂಡ ನಮಗೆ ಮಲ್ಪೆಯ ಬಿಸಿಲು ಯಾವ ಲೆಕ್ಕ ಎನ್ನುವವರಿದ್ದಾರೆ. ಇಲ್ಲಿನದು ಒಣ ಬಿಸಿಲು, ಎಸಿ ಕಾರಿನಿಂದ ಎಸಿ ಮಾಲ್‌ಗೆ ನಡೆಯುವಷ್ಟು ಹೊತ್ತಿನದು. ಅಲ್ಲಿ ಬೆವರು ಆರುವುದೇ ಇಲ್ಲ.

ದ್ವೀಪದಲ್ಲಿ ನೋಡುವುದೇನು? ತೆಂಗಿನ ಮರ, ಚಿಪ್ಪು ತುಂಬಿದ ದಡ ಎಲ್ಲರ ಕಣ್ಣಿಗೂ ಬೀಳುತ್ತದೆ. ಫೈಲಕಾ ದ್ವೀಪದ ಬಯಲು ನೋಡಿದ ಮಕ್ಕಳಿಗೆ ಆ ಹಸಿರೇ ದೊಡ್ಡ ಆಶ್ಚರ್ಯ. ಆದರೆ ನಿಜವಾಗಿ ನೋಡಬೇಕಾದ್ದು ಕಲ್ಲು. ಯಾರೋ ಉಳಿ ಹಿಡಿದು ಕಡೆದು ಜೋಡಿಸಿಟ್ಟಂತೆ ಐದು, ಆರು, ಏಳು ಮುಖದ ಕಂಬಗಳು ಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಭೂಮಿಯೊಳಗಿಂದ ಉಕ್ಕಿದ ಲಾವಾ ಇದು. ಆರುತ್ತಾ ಕುಗ್ಗಿದಾಗ, ಬತ್ತಿದ ಕೆರೆಯ ಕೆಸರು ಬಿರಿದಂತೆ ಬಿರಿಯಿತು. ಆ ಬಿರುಕು ಮೇಲಿನಿಂದ ಆಳಕ್ಕೆ ಇಳಿದಲ್ಲೆಲ್ಲ ಕಂಬವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಪಟ್ಟಿಯಲ್ಲಿದೆ. ಸ್ಥಳೀಯರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಸೈಂಟ್ ಮೇರಿ ಹೆಸರು 1498ರಲ್ಲಿ ಬಂದ ವಾಸ್ಕೋ ಡ ಗಾಮ ಇಟ್ಟದ್ದೆಂಬ ಮಾತಿದೆ. ಇಷ್ಟನ್ನು ಬೋಟಿನಲ್ಲೇ ಮಕ್ಕಳಿಗೆ ಹೇಳಿಬಿಡಿ. ಇಲ್ಲದಿದ್ದರೆ ಅವರು ಇಳಿದ ಕೂಡಲೇ ನೀರಿಗೆ ಓಡುತ್ತಾರೆ.

ಆ ನೀರಿನ ಬಗ್ಗೆಯೇ ನಾವು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಮ್ಮ ಮಕ್ಕಳಿಗೆ ಗೊತ್ತಿರುವುದು ಇಲ್ಲಿನ ಕೊಲ್ಲಿ. ಮೂರು ಕಡೆ ನೆಲ ಸುತ್ತಿದ, ಆಳ ಕಡಿಮೆಯಿರುವ ಸಮುದ್ರ. ಹೆಚ್ಚಿನ ದಿನ ಅಲೆ ಸಣ್ಣದು, ಇಳಿತದ ಹೊತ್ತಿಗೆ ನೀರು ನಿಧಾನವಾಗಿ ದೂರ ಹೋಗುತ್ತದೆ. ಮಂಗಾಫ್ ತೀರದಲ್ಲಿ ಸೊಂಟದವರೆಗೆ ನಡೆದ ಹುಡುಗ ತನಗೆ ಸಮುದ್ರ ಗೊತ್ತು ಎಂದುಕೊಂಡಿರುತ್ತಾನೆ. ಈಜುಕೊಳದಲ್ಲಿ ಪದಕ ಗೆದ್ದಿದ್ದರಂತೂ ಕೇಳುವುದೇ ಬೇಡ. ಮಲ್ಪೆಯದು ತೆರೆದ ಅರಬ್ಬಿ ಸಮುದ್ರ, ದೂರದಲ್ಲೆಲ್ಲೋ ಎದ್ದ ಅಲೆ ಬಂದು ಬಡಿಯುವ ಜಾಗ. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಬರುತ್ತದೆ, ಹಿಂತಿರುಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕಂಬದ ಕಲ್ಲುಗಳ ಮೇಲೆ ನೀರು ತಾಗುವಲ್ಲೆಲ್ಲ ಪಾಚಿ. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಹತ್ತುವುದು ಅಲ್ಲಿಗೇ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ನೀರುಪಾಲಾದರು. ಮಳೆಗಾಲವಲ್ಲ, ಬೋಟು ಓಡುವ ಕಾಲದಲ್ಲೇ.

ಆದ್ದರಿಂದ ಹಗ್ಗ ಕಟ್ಟಿದ, ಬಾವುಟ ನೆಟ್ಟ ಜಾಗ ದಾಟಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಬೇಡ, "ಒಂದೇ ಫೋಟೋ" ಎನ್ನುವುದೂ ಬೇಡ. ಮಕ್ಕಳ ಗುಂಪು ಹೋದರೆ, ನೀರಿನ ಬಳಿ ಇರುವಷ್ಟು ಹೊತ್ತೂ ದೊಡ್ಡವರಲ್ಲಿ ಒಬ್ಬರು ಫೋನ್ ಜೇಬಿಗೆ ಹಾಕಿ ಮಕ್ಕಳನ್ನೇ ನೋಡುತ್ತಿರಲಿ, ಸರದಿಯಂತೆ. ಬೋಟಿನಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಸಿ. ಮಗುವಿನ ಅಳತೆಯದು ಸಿಗುತ್ತದೆಂಬ ಭರವಸೆ ಇಲ್ಲದ ಕಾರಣ, ಗ್ಯಾಸ್ ಇಲ್ಲದ ಫೋಮಿನ ಜಾಕೆಟ್ ಒಂದನ್ನು ಇಲ್ಲಿಂದಲೇ ಕೊಂಡುಹೋದರೆ ಒಳ್ಳೆಯದು, ತೂಕವೇನೂ ಇಲ್ಲ. ಕಾಲಿಗೆ ಹವಾಯಿ ಚಪ್ಪಲಿ ಬೇಡ. ಹಿಂದೆ ಪಟ್ಟಿ ಇರುವ, ಅಡಿ ಜಾರದ ಸ್ಯಾಂಡಲ್ ಬೇಕು. ಚಿಪ್ಪು ಕಾಲು ಕೊಯ್ಯುತ್ತದೆ.

ಜುಲೈನಲ್ಲೇ ಊರಿಗೆ ಹೋಗುವುದು ಅನಿವಾರ್ಯ ಎನ್ನುವವರೇ ನಮ್ಮಲ್ಲಿ ಹೆಚ್ಚು. ಅಂಥವರು ದ್ವೀಪವನ್ನು ದಡದಿಂದಲೇ ನೋಡಬೇಕು. ಮಳೆಗಾಲದಲ್ಲಿ ಮಲ್ಪೆ ತೀರದಲ್ಲಿ ನೀರಿಗೆ ಇಳಿಯದಂತೆ ಬಲೆ ಕಟ್ಟಿರುತ್ತಾರೆ. ಅದರ ಈಚೆ ನಿಂತು ಆ ಕಡಲಿನ ಆರ್ಭಟ ತೋರಿಸಿ. ಫೆಬ್ರವರಿಯಲ್ಲಿ ಬಂದಾಗ ನಿಮ್ಮ ಮಾತು ಕೇಳಲು ಅದೂ ಒಂದು ಪಾಠ.

ಉಳಿದ ಸಣ್ಣ ಸಂಗತಿಗಳು. ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯಬಾರದು, ನೀರಿಗೆ ಸ್ಟೀಲ್ ಬಾಟಲಿ ಹಿಡಿದುಕೊಳ್ಳಿ. ರಾತ್ರಿ ಉಳಿಯಲು ಅವಕಾಶವಿಲ್ಲ, ಸಂಜೆಗೆ ಎಲ್ಲರೂ ವಾಪಸು. ಕೈಯಲ್ಲಿ ಸ್ವಲ್ಪ ನಗದು ಇರಲಿ. ಬೋಟಿನ ದರ ಬದಲಾಗುತ್ತಿರುತ್ತದೆ, ಟಿಕೆಟ್ ಕೌಂಟರಿನಲ್ಲೇ ಕೇಳಿ ತೆಗೆದುಕೊಳ್ಳಿ. ಅಕ್ಟೋಬರ್ ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಬೋಟು ಹಠಾತ್ತನೆ ನಿಲ್ಲುತ್ತದೆ. ಹೊರಡುವ ದಿನ ಬೆಳಿಗ್ಗೆ ಉಡುಪಿಯ ನೆಂಟರಿಂದ ವಿಚಾರಿಸಿಕೊಳ್ಳಿ. ದ್ವೀಪದ ಕಾರ್ಯಕ್ರಮವನ್ನು ರಜೆಯ ಮೊದಲ ದಿನಗಳಲ್ಲಿ ಇಟ್ಟುಕೊಳ್ಳಿ, ಒಂದು ದಿನ ತಪ್ಪಿದರೆ ಇನ್ನೊಂದಿರುತ್ತದೆ. ಹೋಗುವಾಗ ಕೊಟ್ಟ ಟಿಕೆಟ್ ಚೀಟಿಯನ್ನು ಬಿಸಾಡಬೇಡಿ, ವಾಪಸು ಬೋಟು ಹತ್ತುವಾಗ ಕೇಳಬಹುದು.