ಹೆಸರು ಮಾತ್ರ ಉಳಿದ ರಸ್ತೆ

ಎಂಟನೇ ತರಗತಿಗೆ ಸರಳ ಯಂತ್ರಗಳ ಪಾಠ ಮಾಡುತ್ತಿದ್ದೆ. ಪೀಪಾಯಿಯನ್ನು ನೇರವಾಗಿ ಎತ್ತಿ ಲಾರಿಗೆ ಹಾಕುವುದಕ್ಕಿಂತ ಹಲಗೆಯ ಮೇಲೆ ಉರುಳಿಸುವುದು ಏಕೆ ಸುಲಭ ಎಂದು ವಿವರಿಸಿ, ಘಟ್ಟದ ರಸ್ತೆಯೂ ಇಂಥದೇ ಒಂದು ಉದ್ದನೆಯ ಹಲಗೆ ಎಂದೆ. 'ಹಾಸನದ ಬಿ.ಎಂ. ರಸ್ತೆಯಲ್ಲಿ ಹಾಗೇ ಮುಂದಕ್ಕೆ ಹೋದರೆ ಶಿರಾಡಿ ಘಟ್ಟ ಸಿಗುತ್ತದಲ್ಲ, ಅದು' ಎಂದು ಸೇರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಬಿ.ಎಂ. ಅಂದರೆ ಯಾರು ಸಾರ್?' ಯಾರೋ ಹಳೆಯ ಮಂತ್ರಿಯ ಇನಿಷಿಯಲ್ ಇರಬೇಕೆಂದು ಅವನ ಊಹೆ.

ನಗಬೇಡಿ. ಹಾಸನದಲ್ಲಿ, ಚನ್ನರಾಯಪಟ್ಟಣದಲ್ಲಿ ದಿನವೂ ಆ ಹೆಸರು ಹೇಳುವ ಎಷ್ಟು ಮಂದಿ ಅದು 'ಬೆಂಗಳೂರು-ಮಂಗಳೂರು' ಎಂದು ನೆನೆಯುತ್ತಾರೆ? ಹೆದ್ದಾರಿ ಈಗ ಈ ಎರಡೂ ಊರುಗಳ ಹೊರಗೆ ಬೈಪಾಸಿನಲ್ಲಿ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಎಂಬ ಹಳೆಯ ಸಂಖ್ಯೆಯೂ 2010ರ ಮರುಎಣಿಕೆಯಲ್ಲಿ 75 ಆಯಿತು. ದೆಹಲಿಯಿಂದ ಮುಂಬೈ, ಬೆಂಗಳೂರು ಹಾದು ಚೆನ್ನೈಗೆ ಹೋಗುವ ಇನ್ನೊಂದು ಹೆದ್ದಾರಿಗೆ 48 ಸಂದಿತು. ಊರೊಳಗಿನ ರಸ್ತೆಗೆ ಉಳಿದದ್ದು ಎರಡು ಅಕ್ಷರ.

ಹೊಳೆನರಸೀಪುರ ಈ ರಸ್ತೆಯ ಮೇಲಿಲ್ಲ. ನಾವು ಹಾಸನಕ್ಕೆ ಹೋಗಿ ಮಂಗಳೂರು ಬಸ್ಸು ಹಿಡಿಯಬೇಕಿತ್ತು. ನಾನು ಹೇಳುತ್ತಿರುವುದು 1980ರ ಆಸುಪಾಸಿನ ಮಾತು. ಬಾಳುಪೇಟೆ ದಾಟಿದರೆ ಕಾಫಿ ತೋಟದ ತಂಪು, ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ, ಆಮೇಲೆ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಈ ಕೋಟೆ ಎಂಟು ಮೂಲೆಯ ನಕ್ಷತ್ರದಂತಿದೆ ಎಂಬುದು ರಸ್ತೆಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಇಳಿದು, ಮೆಟ್ಟಿಲು ಹತ್ತಿ ನೋಡಬೇಕು. ಆಮೇಲೆ ಘಟ್ಟ. ಚಾಲಕ ಗೇರು ಇಳಿಸಿ, ಎಂಜಿನ್ನಿನಿಂದಲೇ ಬಸ್ಸನ್ನು ತಡೆದು ಹಿಡಿಯುತ್ತಿದ್ದ. ಉದ್ದಕ್ಕೂ ಬ್ರೇಕನ್ನೇ ಒತ್ತಿ ಹಿಡಿದರೆ ಘರ್ಷಣೆಯಿಂದ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ನಾನು ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡುತ್ತಿದ್ದೆ. ಅಪ್ಪ ನಿಂಬೆಹಣ್ಣು ಮೂಸಲು ಕೊಡುತ್ತಿದ್ದರು. ಹತ್ತಿ ಬರುವಾಗ ಬಸ್ಸು ಕುದಿಯುತ್ತಿತ್ತು. ತಿರುವಿನಲ್ಲಿ ನಿಲ್ಲಿಸಿ, ತೊರೆಯ ನೀರನ್ನು ಡಬ್ಬದಲ್ಲಿ ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದರು. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆಂಬುದು ನನಗೆ ತಿಳಿದದ್ದು ಕಾಲೇಜಿನಲ್ಲಿ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಅಕ್ಕನ ಮಗ. ಷಿಕಾಗೋ ಬಳಿ ಎಂಜಿನಿಯರ್ ಆಗಿರುವ ಅವನು ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳೊಂದಿಗೆ 'ರೂಟ್ 66' ಎಂಬ ಹಳೆಯ ಹೆದ್ದಾರಿಯಲ್ಲಿ ಹದಿನೈದು ದಿನ ಕಾರು ಓಡಿಸಿದ. ದಿನವೂ ಚಿತ್ರ ಕಳುಹಿಸುತ್ತಿದ್ದ: ಮುಚ್ಚಿದ ಪೆಟ್ರೋಲ್ ಬಂಕು, ತುಕ್ಕು ಹಿಡಿದ ಬೋರ್ಡು, ಖಾಲಿ ಬೀದಿ. ಇದನ್ನು ನೋಡಲು ಅಷ್ಟು ದೂರ ಹೋಗಬೇಕೆ ಎಂದು ಅಕ್ಕ ಕೇಳಿದಳು. ನಾನೂ ಹಾಗೇ ಅಂದುಕೊಂಡೆ. 'ಅಮೆರಿಕದಲ್ಲಿ ಗೊರೂರು' ಬರೆದು 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಈ ಖಾಲಿ ಬಂಕುಗಳನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ವಿವರ ಓದುತ್ತ ಹೋದಂತೆ ನನಗೂ ರುಚಿ ಹತ್ತಿತು. ಈ ರಸ್ತೆ ಹುಟ್ಟಿದ್ದು 1926ರಲ್ಲಿ. ಷಿಕಾಗೋದಿಂದ ಪಶ್ಚಿಮದ ಸಮುದ್ರತೀರದ ಸಾಂತಾ ಮೋನಿಕಾವರೆಗೆ ಎಂಟು ರಾಜ್ಯ, ಸುಮಾರು 3,900 ಕಿಲೋಮೀಟರ್. 1930ರ ದಶಕದಲ್ಲಿ ಬರ ಮತ್ತು ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ಒಕ್ಲಹೋಮಾ ಕಡೆಯ ರೈತರು ಪಾತ್ರೆ ಪರಡಿ ಕಟ್ಟಿಕೊಂಡು ಗುಳೆ ಹೊರಟದ್ದು ಇದರಲ್ಲೇ. 1956ರ ಕಾಯಿದೆಯಿಂದ ಅಗಲವಾದ ಅಂತರರಾಜ್ಯ ಹೆದ್ದಾರಿಗಳು ಬಂದು ಊರೂರನ್ನೂ ಬಳಸಿ ಹೋದವು. 1985ರಲ್ಲಿ 66 ಎಂಬ ಸಂಖ್ಯೆಯನ್ನು ಅಧಿಕೃತವಾಗಿ ಕಿತ್ತುಹಾಕಿದರು. ನಮ್ಮ 48ರ ಹಾಗೆಯೇ.

ಅರಿಜೋನಾದ ಓಟ್‌ಮನ್ ಬಳಿ ಈ ರಸ್ತೆಗೂ ಒಂದು ಘಟ್ಟವಿದೆ. ಆ ಕಾಲದ ಫೋರ್ಡ್ ಮಾಡೆಲ್ ಟಿ ಕಾರುಗಳನ್ನು ಕಡಿದಾದ ಏರಿನಲ್ಲಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರಂತೆ! ಕಾರಣ ವಿಜ್ಞಾನದ್ದೇ. ಆ ಕಾರಿನಲ್ಲಿ ಪೆಟ್ರೋಲ್ ಪಂಪು ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತನ್ನ ಭಾರದಿಂದಲೇ ಹರಿಯಬೇಕು. ಮೂತಿ ಮೇಲಾದರೆ ಎಂಜಿನ್ನು ಟ್ಯಾಂಕಿಗಿಂತ ಎತ್ತರವಾಗಿ ಹರಿವು ನಿಲ್ಲುತ್ತದೆ. ತಿರುಗಿಸಿ ಹತ್ತಿದರೆ ಟ್ಯಾಂಕೇ ಮೇಲೆ. ಈ ಪ್ರಶ್ನೆಯನ್ನು ಮೊನ್ನೆ ಪರೀಕ್ಷೆಗೆ ಕೊಟ್ಟೆ. ನಾಲ್ವರು ಸರಿಯಾಗಿ ಬರೆದರು.

ಅದೇ ರಾಜ್ಯದ ಸೆಲಿಗ್ಮನ್ ಊರನ್ನು ಹೊಸ ಹೆದ್ದಾರಿ 1978ರಲ್ಲಿ ಬಳಸಿ ಹೋಯಿತು. ವಾಹನಗಳ ಸದ್ದು ಒಂದೇ ದಿನಕ್ಕೆ ನಿಂತಿತು. ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಡಿಲೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಊರವರನ್ನು ಸೇರಿಸಿ ಸಂಘ ಕಟ್ಟಿ, ತಮ್ಮ ಭಾಗದ ಹಳೆಯ ರಸ್ತೆಯನ್ನು 'ಐತಿಹಾಸಿಕ' ಎಂದು ಸರ್ಕಾರದಿಂದ ಘೋಷಣೆ ಮಾಡಿಸಿದರು. ನನ್ನ ಅಕ್ಕನ ಮಗನಂಥವರು ಹುಡುಕಿಕೊಂಡು ಹೋಗುವುದು ಅದರ ಫಲ.

ಚನ್ನರಾಯಪಟ್ಟಣದ ಬಿ.ಎಂ. ರಸ್ತೆಯಲ್ಲಿ ನನ್ನ ಸೋದರಮಾವನ ಪುಟ್ಟ ಹೋಟೆಲಿತ್ತು. ರಾತ್ರಿ ಬಸ್ಸುಗಳಿಗಾಗಿ ಒಂದು ಗಂಟೆಯವರೆಗೂ ಒಲೆ ಉರಿಯುತ್ತಿತ್ತು. ಬೈಪಾಸಾದ ಮೇಲೆ ಒಲೆ ಒಂಬತ್ತಕ್ಕೇ ಆರತೊಡಗಿತು, ಎರಡು ವರ್ಷದಲ್ಲಿ ಪೂರ್ತಿ ಆರಿತು. ಅಲ್ಲೀಗ ಮೊಬೈಲ್ ಅಂಗಡಿಯಿದೆ. ಮಾವ ಯಾವ ಸಂಘವನ್ನೂ ಕಟ್ಟಲಿಲ್ಲ. 'ಬಸ್ಸಿನವರಿಗೂ ಬೇಗ ಮನೆ ಸೇರಬೇಕಲ್ಲಪ್ಪ' ಎಂದರು, ಅಷ್ಟೆ.

ಹಳೆಯ ರಸ್ತೆಯನ್ನು ಹಾಡಿ ಹೊಗಳಲು ನನಗೆ ನಾಲಿಗೆ ಏಳುವುದಿಲ್ಲ. ಅಕ್ಕನನ್ನು ಕೊಟ್ಟದ್ದು ಘಟ್ಟದ ಕೆಳಗಿನ ನೆಲ್ಯಾಡಿ ಕಡೆ. 1994ರ ಜುಲೈನಲ್ಲಿ ಅಲ್ಲಿಗೆ ಹೋಗಿದ್ದ ಅಪ್ಪನಿಗೆ ಎದೆನೋವು ಬಂತು. ಫೋನು ಬಂದ ತಕ್ಷಣ ಅಮ್ಮನನ್ನು ಕರೆದುಕೊಂಡು ಹೊರಟೆ. ಮಾರನಹಳ್ಳಿ ದಾಟುತ್ತಿದ್ದಂತೆ ಬಸ್ಸು ನಿಂತಿತು. ಮುಂದೆಲ್ಲೋ ಲಾರಿ ಅಡ್ಡ ಬಿದ್ದಿತ್ತು. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಪಕ್ಕಕ್ಕೆ ಸರಿಯಲು ಒಂದು ಮಾರು ಜಾಗವಿಲ್ಲ. ಒಂಬತ್ತು ಗಂಟೆ ಮಳೆಯಲ್ಲಿ ಕೂತೆವು. ಲಾರಿಯವನೊಬ್ಬ ಟಾರ್ಪಾಲಿನ ಕೆಳಗೆ ಸ್ಟೌ ಹಚ್ಚಿ, ಗುರುತಿಲ್ಲದ ನಮಗೆಲ್ಲ ಚಹಾ ಕೊಟ್ಟ. ಅಮ್ಮನಿಗೆ ಎರಡು ಸಲ ಕೊಟ್ಟ. ನಾವು ನೆಲ್ಯಾಡಿ ತಲುಪುವ ಮೂರು ಗಂಟೆ ಮೊದಲು ಅಪ್ಪ ತೀರಿಕೊಂಡಿದ್ದರು.

ಆದ್ದರಿಂದ 'ಆ ಕಾಲವೇ ಚೆನ್ನ' ಎಂದು ಯಾರಾದರೂ ಅಂದರೆ, ಯಾರಿಗೆ ಚೆನ್ನ ಎಂದು ಕೇಳುವ ಅಭ್ಯಾಸ ನನ್ನದು. ರೂಟ್ 66ರಲ್ಲೂ ಕರಿಯ ಜನರಿಗೆ ಬಹಳಷ್ಟು ಹೋಟೆಲುಗಳಲ್ಲಿ ಕೋಣೆ ಕೊಡುತ್ತಿರಲಿಲ್ಲ. ಅವರಿಗೆ ಎಲ್ಲಿ ಊಟ, ಎಲ್ಲಿ ವಸತಿ ಸಿಗುತ್ತದೆಂದು ತಿಳಿಸಲು ವಿಕ್ಟರ್ ಗ್ರೀನ್ ಎಂಬ ಅಂಚೆಪೇದೆ 1936ರಲ್ಲಿ ಒಂದು ಕೈಪಿಡಿಯನ್ನೇ ಆರಂಭಿಸಬೇಕಾಯಿತು. ಹಳೆಯ ಬೋರ್ಡಿನ ಚಿತ್ರಗಳಲ್ಲಿ ಇದು ಕಾಣಿಸುವುದಿಲ್ಲ.

ಹಾಗೆಂದು ಹಳಬರು ದಡ್ಡರೂ ಅಲ್ಲ. ಕಣದಲ್ಲಿ ರಾಗಿ ರಾಶಿ ಹಾಕಿ ನೋಡಿ. ಅದು ಒಂದು ಓರೆಯಲ್ಲಿ ನಿಲ್ಲುತ್ತದೆ. ಬುಡವನ್ನು ಮೊರದಿಂದ ಕೆರೆದರೆ ಮೇಲಿನದು ಜಾರಿ ಬರುತ್ತದೆ. ಗುಡ್ಡವೂ ಹೀಗೆಯೇ. ಹಳೆಯ ಘಟ್ಟದ ರಸ್ತೆ ಗುಡ್ಡವನ್ನು ಅಷ್ಟಾಗಿ ಕಡಿಯದೆ ಅದರ ಮೈ ಹಿಡಿದು ಸುತ್ತುತ್ತಿತ್ತು; ಅಷ್ಟೊಂದು ತಿರುವು ಬಂದದ್ದು ಅದರಿಂದ. ಅಗಲ ಮಾಡಲು ಬುಡವನ್ನು ನೇರವಾಗಿ ಕಡಿದಲ್ಲಿ, ಮಳೆನೀರು ಇಳಿದು ಮಣ್ಣು ಭಾರವಾದಾಗ ಜಾರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದಾಚೆ ಗುಡ್ಡ ಕುಸಿದು ವಾಹನಗಳು ಸಾಲುಗಟ್ಟಿ ನಿಂತ ಸುದ್ದಿ ಓದಿದಾಗ ನನಗೆ ಅಮ್ಮನ ಕೈಯಲ್ಲಿದ್ದ ಆ ಚಹಾ ಲೋಟ ಕಣ್ಣಮುಂದೆ ಬಂತು.

ಡಿಸೆಂಬರಿನಲ್ಲಿ ಅಕ್ಕನ ಮಗ ಊರಿಗೆ ಬಂದ. ತಾತ ಹೋದಾಗ ಅವನಿಗೆ ಐದು ವರ್ಷ. 'ಬೈಪಾಸು ಬೇಡ ಮಾವ, ಊರೊಳಗಿನಿಂದಲೇ ಹೋಗೋಣ' ಎಂದ. ಚನ್ನರಾಯಪಟ್ಟಣದಲ್ಲಿ ಮಾವನ ಹೋಟೆಲಿದ್ದ ಜಾಗ ತೋರಿಸಿದೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಕಾರು ಆಮೆಯಂತೆ ತೆವಳಿತು. ಮಂಜರಾಬಾದಿನ ಮೆಟ್ಟಿಲು ಹತ್ತಿದೆವು. ಮಕ್ಕಳು ನಕ್ಷತ್ರದ ಮೂಲೆಗಳನ್ನು ಎಣಿಸಿ ಏಳು ಎಂದರು. ಮತ್ತೊಮ್ಮೆ ಎಣಿಸಿ ಎಂದೆ.

ಮಾರನಹಳ್ಳಿ ದಾಟಿ ಒಂದು ಕಡೆ ಕಾರು ನಿಲ್ಲಿಸಲು ಹೇಳಿದೆ. ಕಾಂಕ್ರೀಟು ಹಾಕಿದ ರಸ್ತೆಯಲ್ಲಿ ಆ ಜಾಗ ಇದೇ ಎಂದು ಹೇಳುವಂತಿರಲಿಲ್ಲ, ಅಂದಾಜು ಮಾಡಿದೆ. ಟ್ಯಾಂಕರುಗಳು ಒಂದರ ಹಿಂದೊಂದು ಹೋದವು. ಅವನು ಏನೂ ಕೇಳಲಿಲ್ಲ. ಫ್ಲಾಸ್ಕಿನಲ್ಲಿದ್ದ ಚಹಾ ಬಗ್ಗಿಸಿಕೊಟ್ಟ. ಹಿಂದಿನ ಸೀಟಿನಲ್ಲಿ ಅವನ ಮಗಳು ಘಟ್ಟದ ತಿರುವುಗಳನ್ನು ಎಣಿಸುತ್ತ ಹದಿನೇಳಕ್ಕೆ ಬಂದಿದ್ದಳು. ಗುಂಡ್ಯ ಬರುವಷ್ಟರಲ್ಲಿ ನಿದ್ದೆ ಹೋದಳು. ನಿಂಬೆಹಣ್ಣು ನನ್ನ ಜೇಬಿನಲ್ಲೇ ಉಳಿಯಿತು.